ಗೋಡೆ ಒಡೆಯದೆ ಮಹಡಿಗೆ ಇಂಟರ್‌ನೆಟ್

ಪ್ರಶ್ನೆ: ಫೈಬರ್ ಸಂಪರ್ಕ ಕೆಳಗಿನ ಹಾಲ್‌ನಲ್ಲಿದೆ, ಮಹಡಿಗೆ ವೈಫೈ ಸರಿಯಾಗಿ ಬರುವುದಿಲ್ಲ. ಮನೆಯಲ್ಲಿರುವ ಹಳೆಯ ವೈರಿಂಗ್‌ನಲ್ಲೇ ವೇಗದ ಇಂಟರ್‌ನೆಟ್ ಒಯ್ಯಬಹುದೆ?
– ಓದುಗರೊಬ್ಬರು, ಸಾನಮಾವು, ಹೊಸೂರು

ಉತ್ತರ: ಒಯ್ಯಬಹುದು, ಆದರೆ ಯಾವ ವೈರು ಎಂಬುದು ಮುಖ್ಯ. ಮೊದಲು ಟೆಲಿಫೋನ್ ಪೆಟ್ಟಿಗೆ ಬಿಚ್ಚಿ ನೋಡಿ. ಒಳಗೆ ಎಂಟು ಎಳೆಗಳ ಕ್ಯಾಟ್-5ಇ ಕೇಬಲ್ ಇದ್ದು, ನಡುವೆ ಕವಲಿಲ್ಲದೆ ಮಹಡಿಗೆ ಹೋಗಿದ್ದರೆ ನಿಮ್ಮ ಅದೃಷ್ಟ: ಎರಡು ತುದಿಯ ಸಾಕೆಟ್ ಬದಲಿಸಿದರೆ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಿಗುತ್ತದೆ. ಹಳೆಯ ಎರಡೆಳೆಯ ಫೋನ್ ವೈರಿಗೆ ಆ ಶಕ್ತಿಯಿಲ್ಲ.

ಟಿವಿಯ ಕೋಆಕ್ಸಿಯಲ್ ಕೇಬಲ್ ಚೆನ್ನಾಗಿಯೇ ಓಡುತ್ತದೆ, ಅದರಲ್ಲಿ ಇಂಟರ್‌ನೆಟ್ ಒಯ್ಯುವ ಮೋಕಾ 2.5 ಅಡಾಪ್ಟರುಗಳ ಗರಿಷ್ಠ ವೇಗ 2.5 ಗಿಗಾಬಿಟ್. ತೊಡಕು ಇರುವುದು ಡಿಶ್‌ನಲ್ಲಿ. ಡಿಟಿಎಚ್ ಸಂಕೇತ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ ಇಳಿದು ಬರುತ್ತದೆ, ಮೋಕಾ ಕೂಡ ಅದೇ ದಾರಿಯಲ್ಲಿ ನುಗ್ಗುತ್ತದೆ. ಡಿಶ್ ಬಳಸುತ್ತಿಲ್ಲವಾದರೆ ಅದರಿಂದ ಕೇಬಲ್ ಕಳಚಿ ಬಳಸಿಕೊಳ್ಳಿ.

ಕರೆಂಟು ವೈರಿನಲ್ಲೇ ಓಡುವ ಪವರ್‌ಲೈನ್ ಅಡಾಪ್ಟರಿನ ಡಬ್ಬದ ಮೇಲಿನ 1000 ಎಂಬ ಅಂಕಿಯನ್ನು ನಂಬಬೇಡಿ. ನಿಜವಾಗಿ ಸಿಗುವುದು ಅದರ ಸಣ್ಣ ಪಾಲು. ಅದನ್ನು ಗೋಡೆಯ ಪ್ಲಗ್ಗಿಗೇ ಚುಚ್ಚಬೇಕು, ಯುಪಿಎಸ್ಸಿಗಲ್ಲ. ತ್ರೀ-ಫೇಸ್ ಮನೆಯಾದರೆ ಎರಡೂ ಅಡಾಪ್ಟರು ಒಂದೇ ಫೇಸ್‌ನಲ್ಲಿರಲಿ.

ನನ್ನನ್ನು ಕೇಳಿದರೆ, ಹಳೆಯ ವೈರಿಗಿಂತ ಅದು ಕೂತಿರುವ ಪಿವಿಸಿ ಪೈಪೇ ದೊಡ್ಡ ಆಸ್ತಿ. ಬೇಡದ ಟಿವಿ ಕೇಬಲ್ಲಿನ ತುದಿಗೆ ಕ್ಯಾಟ್-6 ಕಟ್ಟಿ ಇನ್ನೊಂದು ಕಡೆಯಿಂದ ಎಳೆಸಿ. 230 ವೋಲ್ಟಿನ ವೈರು ಹೋಗುವ ಪೈಪಿನೊಳಗೆ ಮಾತ್ರ ಅದನ್ನು ತೂರಿಸಬೇಡಿ.