ಹೆಬ್ಬೆರಳಿನ ಏಟು, ಹೊಟ್ಟೆಪಾಡಿನ ಪಾಟು

ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕವರಿಗೆ ಇದು ಗೊತ್ತು. ಡ್ರೈವರ್ ಸಾಹೇಬರು ಹಾಡು ಹಾಕಿದರೆ ಮಾತು ಕಿವಿಗೆ ಬೀಳೋದಿಲ್ಲ. ಹಾಡಿದವರು ಯಾರು ಅನ್ನೋದೂ ತಿಳಿಯೋದಿಲ್ಲ. ಇಂಜಿನ್ ಸದ್ದು ಎಲ್ಲವನ್ನೂ ನುಂಗಿ ಹಾಕುತ್ತದೆ. ಆದರೆ ಒಂದು 'ಧುಂ ಧುಂ' ಮಾತ್ರ ಸೀಟಿನ ಕೆಳಗಿಂದ ಎದ್ದು ಬಂದು ಬೆನ್ನುಮೂಳೆಗೆ ತಗಲುತ್ತದೆ. ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತದೆ.

ಆ 'ಧುಂ' ಅನ್ನೋದೇ ಬೇಸ್. ಅದನ್ನು ನುಡಿಸುವವನು ಸ್ಟೇಜಿನ ಹಿಂದುಗಡೆ, ಬೆಳಕು ಬೀಳದ ಜಾಗದಲ್ಲಿ ನಿಂತಿರುತ್ತಾನೆ. ಹಾಡುವವರಿಗೆ ಹಾರ, ಲೀಡ್ ಗಿಟಾರಿನವನಿಗೆ ಸೀಟಿ. ಬೇಸಿನವನಿಗೆ? ಊಟದ ಚೀಟಿ ಸಿಕ್ಕರೆ ಪುಣ್ಯ!

ಇಂಥ ಮೂಲೆಯ ಮನುಷ್ಯನನ್ನು ಮುಂದಕ್ಕೆ ಎಳೆದು ತಂದದ್ದು ಒಂದು ಹೆಬ್ಬೆರಳು. ಅಮೆರಿಕದಲ್ಲಿ ಅದಕ್ಕೆ 'ಸ್ಲ್ಯಾಪ್' ಅಂತಾರೆ. ಸ್ಲ್ಯಾಪ್ ಅಂದರೆ ಏಟು, ಕಪಾಳಕ್ಕೆ ಹಾಕಿದ ಹಾಗೆ. ತಂತಿಯನ್ನು ಮೀಟೋದಲ್ಲ, ಬಡಿಯೋದು. ಈ ಬಡಿತ ಯಾವ ಸಂಗೀತ ಶಾಲೆಯಲ್ಲೂ ಹುಟ್ಟಲಿಲ್ಲ. ಹುಟ್ಟಿದ್ದು ಹೊಟ್ಟೆಪಾಡಿನಲ್ಲಿ.

ರೇಡಿಯೋ ರಿಪೇರಿಯವನ ಕೈಚಳಕ

ಮೊದಲು ವಾದ್ಯದ ಜಾತಕ ನೋಡೋಣ. ಹಿಂದೆ ಬೇಸ್ ಅಂದರೆ ಆಳೆತ್ತರದ ಮರದ ಪಿಟೀಲು. ಅದನ್ನು ನಿಲ್ಲಿಸಿಕೊಂಡು, ತಬ್ಬಿಕೊಂಡು ನುಡಿಸಬೇಕು. ನ್ಯೂ ಆರ್ಲಿಯನ್ಸ್ ಊರಿನ ವಾದಕರು ಕಹಳೆಗಳ ಗದ್ದಲದ ನಡುವೆ ತಮ್ಮ ಸದ್ದು ಕೇಳಿಸಲಿ ಅಂತ ತಂತಿಯನ್ನು ಎಳೆದು ಫಟಾರನೆ ಮರಕ್ಕೆ ಬಡಿಸುತ್ತಿದ್ದರು. ಮೈಕು ಇಲ್ಲದ ಕಾಲ, ಪಾಪ, ಇನ್ನೇನು ಮಾಡಿಯಾರು? ಅಂದರೆ ಏಟಿನ ಹಳೇ ವಂಶ ಅಲ್ಲೇ ಇತ್ತು.

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ಲಿಯೋ ಫೆಂಡರ್ ಅಂತ ಒಬ್ಬ. ಲೆಕ್ಕ ಬರೆಯುವ ಕೆಲಸ ಕೈಬಿಟ್ಟು ಹೋದ ಮೇಲೆ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟ. ವಾದ್ಯದವರು ತಮ್ಮ ಆಂಪ್ಲಿಫೈಯರ್ ರಿಪೇರಿಗೆ ತಂದರು. ಅವರ ಗೋಳು ಕೇಳುತ್ತ ಕೇಳುತ್ತ ಇವನೇ ವಾದ್ಯ ಮಾಡಲು ಕೂತ. 1951ರಲ್ಲಿ 'ಪ್ರಿಸಿಷನ್ ಬೇಸ್' ಹೊರಬಂತು. ಗಿಟಾರಿನ ಹಾಗೆ ಹೆಗಲಿಗೆ ನೇತು ಹಾಕಿಕೊಳ್ಳಬಹುದು, ಕಾರಿನ ಸೀಟಿನಲ್ಲಿ ಮಲಗಿಸಬಹುದು, ಕರೆಂಟು ಕೊಟ್ಟರೆ ಸಭೆ ನಡುಗುತ್ತದೆ. ನಾಲ್ಕೇ ತಂತಿ. ಮೆಟ್ಟಿಲು ಕೂರಿಸಿದ್ದರಿಂದ ಸ್ವರ ತಪ್ಪುವ ಭಯ ಕಡಿಮೆ. ಪ್ರಿಸಿಷನ್ ಅಂದರೆ ಕರಾರುವಾಕ್ಕು, ಅದಕ್ಕೇ ಆ ಹೆಸರು.

ತಮಾಷೆ ಏನಪ್ಪಾ ಅಂದರೆ, ಈ ಲಿಯೋ ಮಹಾಶಯನಿಗೆ ಗಿಟಾರ್ ನುಡಿಸೋಕೇ ಬರುತ್ತಿರಲಿಲ್ಲ! ಗಿರಾಕಿಯ ಮಾತಿಗೆ ಕಿವಿ ಕೊಟ್ಟ ಅಂಗಡಿಯವನು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅವನ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಸಂಸ್ಥೆ 1 ಕೋಟಿ 30 ಲಕ್ಷ ಡಾಲರ್ ಕೊಟ್ಟು ಕೊಂಡಿತು.

ಆರ್ಗನ್ ಕೆಟ್ಟಿತು, ದಾರಿ ತೆರೆಯಿತು

ಈಗ ಹೆಬ್ಬೆರಳಿನ ಮಾತು. ಲ್ಯಾರಿ ಗ್ರಹಾಂ ಹುಟ್ಟಿದ್ದು 1946ರಲ್ಲಿ, ಟೆಕ್ಸಾಸಿನ ಬೋಮಾಂಟ್ ಊರಿನಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ. ತಾಯಿ ಡೆಲ್ ಗ್ರಹಾಂ ಪಿಯಾನೋ ನುಡಿಸಿ ಹಾಡುತ್ತಿದ್ದ ಹೆಣ್ಣುಮಗಳು. ಮಗ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲೇ ತಾಯಿಯ ಜೊತೆ ಕ್ಲಬ್ಬುಗಳಲ್ಲಿ ಗಿಟಾರ್ ಹಿಡಿದ. ತಾಯಿ, ಮಗ, ಒಬ್ಬ ಡ್ರಮ್ಮರ್. ಮೂರು ಜನರ ಮೇಳ.

ಒಂದು ಕ್ಲಬ್ಬಿನಲ್ಲಿ ಆರ್ಗನ್ ಇತ್ತು. ಅದರ ಬುಡದಲ್ಲಿ ಕಾಲಿನಿಂದ ಒತ್ತುವ ಮಣೆಗಳು. ಹುಡುಗ ಕೈಯಲ್ಲಿ ಗಿಟಾರ್, ಕಾಲಲ್ಲಿ ಬೇಸ್, ಹೀಗೆ ಎರಡು ಆಳಿನ ಕೆಲಸ ಒಬ್ಬನೇ ಮಾಡಿದ. ಕೇಳುವವರಿಗೂ ಆ ತುಂಬು ಸದ್ದು ರೂಢಿಯಾಯಿತು. ಒಂದು ದಿನ ಆರ್ಗನ್ ಕೈಕೊಟ್ಟಿತು. ಬುಡದ ಸದ್ದು ಹೋಯಿತು ಅಂದರೆ ಮೇಳ ಬೋಳು ಬೋಳು. ಹುಡುಗ ಅಂಗಡಿಗೆ ಹೋಗಿ ಒಂದು ಬೇಸ್ ಗಿಟಾರನ್ನು ಬಾಡಿಗೆಗೆ ತಂದ. ಆರ್ಗನ್ ಸರಿಯಾಗೋ ತನಕ ಅಂತ. ಆರ್ಗನ್ ಸರಿಯಾಗಲೇ ಇಲ್ಲ! ಬಾಡಿಗೆ ಬೇಸೇ ಗಂಟುಬಿತ್ತು.

ಅದರ ಮೇಲೆ ಇನ್ನೊಂದು. ಇನ್ನು ಡ್ರಮ್ಮರ್ ಬೇಡ, ನಾವಿಬ್ಬರೇ ಸಾಕು ಅಂತ ತಾಯಿ ತೀರ್ಮಾನಿಸಿದಳು. ಮೂರರ ಮೇಳ ಎರಡಾಯಿತು. ಈಗ ತಾಳ ಯಾರು ಹಾಕಬೇಕು? ಹುಡುಗ ತಲೆ ಓಡಿಸಿದ. ದಪ್ಪ ತಂತಿಗೆ ಹೆಬ್ಬೆರಳಿನಿಂದ ಬಡಿದ, ದೊಡ್ಡ ಡ್ರಮ್ಮಿನ 'ಧುಂ' ಬಂತು. ಸಣ್ಣ ತಂತಿಯನ್ನು ತೋರುಬೆರಳಿನಿಂದ ಕೊಕ್ಕೆ ಹಾಕಿ ಎಳೆದು ಬಿಟ್ಟ, ಚಿಕ್ಕ ಡ್ರಮ್ಮಿನ 'ಟಪ್' ಬಂತು. ಒಂದೇ ವಾದ್ಯದಲ್ಲಿ ಸ್ವರವೂ ಆಯ್ತು, ತಾಳವೂ ಆಯ್ತು.

ಬೇಸ್ ನುಡಿಸುವವರು ಇದನ್ನು ನೋಡಿದ್ದರೆ 'ಇದೆಂಥ ಅಪಚಾರ' ಅನ್ನುತ್ತಿದ್ದರೋ ಏನೋ. ಆದರೆ ಹುಡುಗನಿಗೆ ತಾನು ಬೇಸಿನವನು ಅನ್ನೋ ಭಾವನೆಯೇ ಇರಲಿಲ್ಲ. ನಾಳೆ ಗಿಟಾರಿಗೆ ವಾಪಸು ಹೋಗುವವನು ತಾನೆ? ಆದ್ದರಿಂದ ಸರಿಯಾದ ಪದ್ಧತಿ ಯಾವುದು ಅಂತ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ತಾಯಿಗೆ ತಾಳ ಸಿಕ್ಕರೆ ಸಾಕಿತ್ತು. ಗ್ರಹಾಂ ಇದನ್ನು ಸ್ಲ್ಯಾಪ್ ಅಂತ ಕರೆಯೋದೂ ಇಲ್ಲ, 'ಥಂಪಿಂಗ್ ಅಂಡ್ ಪ್ಲಕಿಂಗ್' ಅಂತಾನೆ. ಗುದ್ದೋದು, ಕೀಳೋದು. ರೈತರ ಮನೆಯವರಿಗೆ ತಟ್ಟನೆ ತಿಳಿಯುವ ಮಾತು.

ಏಟು ಹಾಕೋದು ಹೇಗೆ?

ಕೈ ಎತ್ತಿ ಹೊಡೆದರೆ ಆಗೋದಿಲ್ಲ. ಬೀಗದಲ್ಲಿ ಕೀಲಿಕೈ ತಿರುಗಿಸುವಾಗ ಮಣಿಕಟ್ಟು ಹೇಗೆ ತಿರುಗುತ್ತದೋ ಹಾಗೆ ತಿರುಗಬೇಕು. ಹೆಬ್ಬೆರಳಿನ ಪಕ್ಕದ ಗಟ್ಟಿ ಗೆಣ್ಣು, ಮೆಟ್ಟಿಲುಗಳು ಮುಗಿಯುವ ಜಾಗದಲ್ಲಿ ತಂತಿಗೆ ತಗಲಿ, ಬಿಸಿ ಕಾವಲಿ ಮುಟ್ಟಿದವರ ಹಾಗೆ ಥಟ್ಟನೆ ಹಿಂದಕ್ಕೆ ಬರಬೇಕು. ಅಲ್ಲೇ ಕೂತರೆ ಸದ್ದು ಸತ್ತಿತು. ತೋರುಬೆರಳು ತಂತಿಯ ಕೆಳಗೆ ಸ್ವಲ್ಪವೇ ತೂರಬೇಕು. ಪೂರಾ ತೂರಿದರೆ ಬೆರಳು ಸಿಕ್ಕಿಕೊಂಡು ಪೇಚಾಟ.

ಗುಟ್ಟು ಇರೋದು ಎಡಗೈಯಲ್ಲಿ. ಬೇಡದ ತಂತಿಗಳನ್ನು ಅದು ಮೆಲ್ಲಗೆ ಮುಚ್ಚಿ ಹಿಡಿಯಬೇಕು. ಇಲ್ಲದಿದ್ದರೆ ನಾಲ್ಕೂ ತಂತಿ ಒಟ್ಟಿಗೆ ಬೊಬ್ಬೆ ಹಾಕುತ್ತವೆ. ಮುಚ್ಚಿದ ತಂತಿಗೇ ಏಟು ಹಾಕಿದರೆ ಸ್ವರವಿಲ್ಲದ 'ಟಕ್' ಬರುತ್ತದೆ. ಆ ಟಕ್ಕುಗಳೇ ಸ್ವರಗಳ ನಡುವಿನ ಒಗ್ಗರಣೆ. ಕಲಿಯುವವರಿಗೆ ಮೊದಲ ವಾರ ಹೆಬ್ಬೆರಳು ಬಾತು, ಬೆರಳ ತುದಿಯಲ್ಲಿ ಬೊಕ್ಕೆ ಏಳುವುದು ಮಾಮೂಲು. ವೇಗಕ್ಕೆ ಬಿದ್ದವರು ಕೆಟ್ಟರು. ನಿಧಾನಕ್ಕೆ ಒಂದು, ಎರಡು, ಮೂರು, ನಾಲ್ಕು ಎಣಿಸಿ ನುಡಿಸಿದವರು ಗೆದ್ದರು.

ತಂತಿಯೂ ಅದೇ, ಚರ್ಮವಾದ್ಯವೂ ಅದೇ ಅಂದರೆ ನಮ್ಮವರಿಗೇನೂ ಅಚ್ಚರಿಯಲ್ಲ. ಎಲ್ಲಮ್ಮನ ಜೋಗತಿಯರು ಕಂಕುಳಲ್ಲಿ ಇಟ್ಟು ನುಡಿಸುವ ಚೌಡಿಕೆ ಕೇಳಿದವರಿಗೆ ಈ ನೆಂಟಸ್ತಿಕೆ ಬಿಡಿಸಿ ಹೇಳಬೇಕಿಲ್ಲ. ಒಂದೇ ತಂತಿ, ಆದರೂ ಏಟೂ ಉಂಟು, ಎಳೆತವೂ ಉಂಟು.

ರೇಡಿಯೋಗೆ ಫೋನು ಮಾಡಿದ ಹೆಂಗಸು

ತಾಯಿ ಮಗನ ಆಟಕ್ಕೆ ತಪ್ಪದೆ ಬರುತ್ತಿದ್ದ ಒಬ್ಬ ಹೆಂಗಸು ಇದ್ದಳಂತೆ. ಆಗ ಸ್ಲೈ ಸ್ಟೋನ್ ಅನ್ನುವವನು ರೇಡಿಯೋದಲ್ಲಿ ಹಾಡು ಹಾಕುವ ಕೆಲಸದಲ್ಲಿದ್ದ. 'ಈ ಹುಡುಗನ್ನ ಬಂದು ನೋಡು' ಅಂತ ಆಕೆ ಅವನಿಗೆ ಫೋನಿನ ಮೇಲೆ ಫೋನು ಮಾಡಿದಳು ಅನ್ನೋದು ಗ್ರಹಾಂ ಹೇಳುವ ಕಥೆ. ಸ್ಲೈ ಬಂದ, ಕೇಳಿದ, ತನ್ನ ಹೊಸ ಮೇಳಕ್ಕೆ ಕರೆದುಕೊಂಡ. ಅದೇ 'ಸ್ಲೈ ಅಂಡ್ ದಿ ಫ್ಯಾಮಿಲಿ ಸ್ಟೋನ್'. 1967ರಲ್ಲಿ ಅದರ ಮೊದಲ ಆಲ್ಬಮ್ ಬಂತು. ಕರಿಯರು, ಬಿಳಿಯರು, ಗಂಡಸರು, ಹೆಂಗಸರು ಒಂದೇ ಸ್ಟೇಜಿನ ಮೇಲೆ. ಆ ಕಾಲದ ಅಮೆರಿಕದಲ್ಲಿ ಇದು ಸಣ್ಣ ಮಾತಲ್ಲ. ಕಹಳೆ ಊದುತ್ತಿದ್ದವಳು ಸಿಂಥಿಯಾ ರಾಬಿನ್‌ಸನ್ ಎಂಬ ಹೆಣ್ಣುಮಗಳು.

ಈ ಮೇಳದಲ್ಲಿ ಡ್ರಮ್ಮರ್ ಇದ್ದ. ಹಾಗಾದರೆ ಹೆಬ್ಬೆರಳಿಗೆ ಕೆಲಸವೇನು? ಅಲ್ಲೇ ಸ್ವಾರಸ್ಯ. ಡ್ರಮ್ ಇಲ್ಲದ್ದಕ್ಕೆ ಹುಟ್ಟಿದ ಏಟು ಡ್ರಮ್ ಇದ್ದಾಗಲೂ ಬಿಡಲಿಲ್ಲ. ಎರಡೂ ಸೇರಿ ಸದ್ದು ದುಪ್ಪಟ್ಟಾಯಿತು. 1969ರ ಡಿಸೆಂಬರಿನಲ್ಲಿ ಬಂದ, 'ಥ್ಯಾಂಕ್ ಯೂ' ಅಂತ ಶುರುವಾಗುವ ಉದ್ದ ಹೆಸರಿನ ಹಾಡು 1970ರ ಫೆಬ್ರವರಿಯಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಓಕ್ಲೆಂಡಿನ ಕ್ಲಬ್ಬಿನ ಉಪಾಯ ದೇಶಕ್ಕೆಲ್ಲ ಕೇಳಿಸಿತು. ಲಾಸ್ ಏಂಜಲೀಸಿನ ಲೂಯಿ ಜಾನ್ಸನ್, ಬ್ರೂಕ್ಲಿನ್ನಿನ ಮಾರ್ಕಸ್ ಮಿಲ್ಲರ್ ಇದೇ ದಾರಿ ಹಿಡಿದು ತಮ್ಮದೇ ಹೆಸರು ಮಾಡಿದರು. ಜಾನ್ಸನ್‌ಗೆ ಜನ ಇಟ್ಟ ಅಡ್ಡಹೆಸರು 'ಗುಡುಗು ಹೆಬ್ಬೆರಳು'!

ಸಂಬಳ ಕೇಳಿದವರಿಗೆ ಗೇಟ್‌ಪಾಸ್

ಈ ಕುಣಿಸುವ ಸಂಗೀತಕ್ಕೆ 'ಫಂಕ್' ಅನ್ನುತ್ತಾರೆ. ಅದರ ದೊಡ್ಡ ಯಜಮಾನ ಜೇಮ್ಸ್ ಬ್ರೌನ್. ಅವನ ಕಟ್ಟಳೆ ಒಂದೇ: ನಾಲ್ಕು ಎಣಿಕೆಯಲ್ಲಿ ಮೊದಲನೆಯದರ ಮೇಲೆ ಎಲ್ಲರೂ ಒಟ್ಟಿಗೆ ಬೀಳಬೇಕು. ನಮ್ಮ ತಾಳದವರು ಸಮಕ್ಕೆ ಬಂದು ನಿಲ್ಲುವ ಹಾಗೆ. ಮಿಕ್ಕ ಜಾಗದಲ್ಲಿ ಬೇಸಿನವನು ಬೇಕಾದ ಕಸರತ್ತು ಮಾಡಲಿ. ಸ್ವರ ತಪ್ಪಿದರೆ ದಂಡ, ಬೂಟು ಮಿಂಚದಿದ್ದರೂ ದಂಡ!

1970ರಲ್ಲಿ ಅವನ ಮೇಳದವರು ಸಂಬಳದ ತಕರಾರು ಎತ್ತಿದರು. ನಮ್ಮ ಬೇಡಿಕೆ ನಡೆಸಿಕೊಡದಿದ್ದರೆ ಆಟವಿಲ್ಲ ಅಂದರು. ಬ್ರೌನ್ ಬಗ್ಗಲಿಲ್ಲ. ಸಿನ್ಸಿನಾಟಿಯಿಂದ ಪಡ್ಡೆ ಹುಡುಗರ ಒಂದು ಮೇಳವನ್ನು ವಿಮಾನದಲ್ಲಿ ತರಿಸಿ ನಿಲ್ಲಿಸಿದ. ಅದರಲ್ಲಿ ಬೇಸಿನವನು ಬೂಟ್ಸಿ ಕಾಲಿನ್ಸ್, ವಯಸ್ಸು 18. ಅಗ್ಗದ ಗಿಟಾರಿಗೆ ಬೇಸ್ ತಂತಿ ಕಟ್ಟಿಕೊಂಡು ಕಲಿತ ಹುಡುಗ. ಲೋಕಕ್ಕೆ ಒಬ್ಬ ದೊಡ್ಡ ವಾದಕ ಸಿಕ್ಕ, ನಿಜ. ಆದರೆ ಕೂಲಿ ಕೇಳಿ ಬೀದಿಗೆ ಬಿದ್ದವರ ಜಾಗದಲ್ಲಿ ಸಿಕ್ಕ ಅನ್ನೋದೂ ನಿಜ. ಆ ಬೂಟ್ಸಿಯೂ ಬಹಳ ದಿನ ನಿಲ್ಲಲಿಲ್ಲ. ಮಾರನೆಯ ವರ್ಷವೇ ಹೊರಟ, ಆಮೇಲೆ ಜಾರ್ಜ್ ಕ್ಲಿಂಟನ್ ಮೇಳ ಸೇರಿ ಮೆರೆದ.

ಇನ್ನೊಬ್ಬನ ಕಥೆ ಇದಕ್ಕಿಂತ ಕಹಿ. ಡೆಟ್ರಾಯಿಟಿನ ಮೋಟೌನ್ ಕಂಪನಿಯ ರೆಕಾರ್ಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್. ಅವನದು ಏಟಲ್ಲ, ಒಂದೇ ತೋರುಬೆರಳಿನ ಮೀಟು. 1960ರ ದಶಕದಲ್ಲಿ ಅವನ ಬೆರಳು ಮುಟ್ಟಿದ ಹಾಡು ಮನೆ ಮನೆಯಲ್ಲಿ ಕೇಳಿತು. ಹಾಡಿನವರ ಹೆಸರು ಎಲ್ಲರಿಗೂ ಗೊತ್ತು, ಇವನ ಹೆಸರು ರೆಕಾರ್ಡಿನ ಮೇಲೆ ಅಚ್ಚೇ ಆಗುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬಂದಾಗ ಕಡೆಗೂ ಹೆಸರು ಹಾಕಿದರು. ಮಾರನೆಯ ವರ್ಷ ಕಂಪನಿ ಲಾಸ್ ಏಂಜಲೀಸಿಗೆ ಗಂಟುಮೂಟೆ ಕಟ್ಟಿತು. ಜೇಮರ್‌ಸನ್ 1983ರಲ್ಲಿ ತೀರಿಕೊಂಡ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರು ಅವನಿಗೆ ಗೌರವ ಕೊಟ್ಟದ್ದು 2000ದಲ್ಲಿ. ಹಾರ ಬಂತು, ಕೊರಳು ಇರಲಿಲ್ಲ.

ಗುಂಡಿ ಒತ್ತಿದರೆ ಏಟು

ಈಗ ಕೊನೆಯ ಮಾತು. 1991ರಲ್ಲಿ ಕೀಬೋರ್ಡ್ ತಯಾರಕರು ಸೇರಿ 128 ಸದ್ದುಗಳಿಗೆ ಒಂದೇ ಪಟ್ಟಿ ಮಾಡಿಕೊಂಡರು. ಅದರಲ್ಲಿ 37 ಮತ್ತು 38ನೇ ನಂಬರು 'ಸ್ಲ್ಯಾಪ್ ಬೇಸ್'. ಬಾತ ಹೆಬ್ಬೆರಳಿಲ್ಲ, ಬೊಕ್ಕೆಯಿಲ್ಲ, ಗುಂಡಿ ಒತ್ತಿದರೆ ಆಯ್ತು. ನಮ್ಮ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲೂ ಕೀಬೋರ್ಡಿನ ಒಬ್ಬನೇ ಎಡಗೈಯಲ್ಲಿ ಬೇಸು, ಬಲಗೈಯಲ್ಲಿ ಪಿಟೀಲು ಬಾರಿಸಿ ಸುಧಾರಿಸುವುದುಂಟು. ಕಮಿಟಿಯವರಿಗೆ ಒಂದು ಸಂಬಳ ಉಳಿತಾಯ. ಅವರನ್ನೇ ಬೈದು ಏನು ಫಲ? ಚಂದಾ ಎಷ್ಟು ಕೂಡುತ್ತದೆ ಅಂತ ಅಂಗಡಿ ಬೀದಿಯವರಿಗೇ ಗೊತ್ತು.

ಹಾಗೆ ನೋಡಿದರೆ ಡೆಲ್ ಗ್ರಹಾಂ ಕೂಡ ಡ್ರಮ್ಮರನ್ನು ಬಿಟ್ಟವಳೇ. ವ್ಯತ್ಯಾಸ ಇಷ್ಟೇ. ಅಲ್ಲಿ ಒಬ್ಬನ ಜಾಗ ಖಾಲಿಯಾದಾಗ ಇನ್ನೊಬ್ಬನ ಕೈ ಹೊಸ ವಿದ್ಯೆ ಹುಡುಕಿತು. ಗುಂಡಿ ಹಾಗೆ ಹುಡುಕೋದಿಲ್ಲ. ಅದು ಹಿಂದೆ ಯಾರೋ ಹಾಕಿದ ಏಟನ್ನೇ ಮತ್ತೆ ಮತ್ತೆ ಒಪ್ಪಿಸುತ್ತದೆ. ಮುಂದಿನ ಏಟು ಹುಟ್ಟಬೇಕಾದರೆ ಎಲ್ಲೋ ಒಂದು ಆರ್ಗನ್ ಕೆಡಬೇಕು, ಯಾರೋ ಒಬ್ಬ ಹುಡುಗನ ಹೆಬ್ಬೆರಳು ಬಾಯಬೇಕು.

ಆದ್ದರಿಂದ ಊರಿನ ಸ್ಟೇಜಿನ ಹಿಂದುಗಡೆ, ಬೆಳಕಿಲ್ಲದ ಮೂಲೆಯಲ್ಲಿ, ನಾಲ್ಕು ತಂತಿಯ ಗಿಟಾರ್ ಹಿಡಿದ ಹುಡುಗ ಕಂಡರೆ ಹೆಸರು ಕೇಳಿ. ಮೈಕಿನಲ್ಲಿ ಒಂದು ಸಲ ಆ ಹೆಸರು ಕೂಗಿಸಿ. ಅದಕ್ಕೆ ಚಂದಾ ಎತ್ತಬೇಕಾಗಿಲ್ಲ.