ಫಾರ್ಮ್‌ನಲ್ಲಿ ಇಲ್ಲದ ಪ್ರಶ್ನೆ

ಎಂಎಸ್‌ಡಬ್ಲ್ಯು ಕ್ಷೇತ್ರಕಾರ್ಯಕ್ಕೆ ನಮ್ಮದು ನಾಲ್ವರ ತಂಡ. ನಾನು ಬೈಲಹೊಂಗಲದವಳು, ಉಳಿದವರು ಕಿತ್ತೂರು, ಸವದತ್ತಿ, ರಾಮದುರ್ಗದವರು. ಸಿದ್ದಿ ಸಮುದಾಯದ ಮಾನಸಿಕ ಆರೋಗ್ಯ ನಮ್ಮ ವಿಷಯ. ಕಿತ್ತೂರಿನಿಂದ ಬೀಡಿ ದಾಟಿ ಖಾನಾಪುರ ತಾಲ್ಲೂಕಿನ ಕಾಡಂಚಿನ ಕೇರಿಯೊಂದಕ್ಕೆ ಹೋದಾಗ ಕೈಯಲ್ಲಿ 25 ಪ್ರಶ್ನೆಗಳ ಫಾರ್ಮ್ ಇತ್ತು.

‘ನಿಮಗೆ ಖಿನ್ನತೆ ಇದೆಯೇ?’ ‘ಇಲ್ಲ’. ‘ಆತಂಕ?’ ‘ಇಲ್ಲ’. ಮಧ್ಯಾಹ್ನದ ಹೊತ್ತಿಗೆ ನಮ್ಮ ಲೆಕ್ಕದಲ್ಲಿ ಇಡೀ ಕೇರಿ ನೆಮ್ಮದಿಯಾಗಿತ್ತು! ಕೌದಿ ಹೊಲಿಯುತ್ತಿದ್ದ ಅಜ್ಜಿಯೊಬ್ಬರು ಸೂಜಿ ನಿಲ್ಲಿಸಿ, ‘ಎಲ್ಲಾ ಕೇಳಿದ್ರಿ ಯವ್ವಾ. ಬಸ್ಸಿನ್ಯಾಗ ನಮ್ಮನ್ನ ಹ್ಯಾಂಗ ನೋಡ್ತಾರಂತ ಕೇಳಲಿಲ್ಲಲ್ಲ’ ಎಂದರು.

ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಪಶ್ಚಿಮಘಟ್ಟ ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಸಂಗೊಳ್ಳಿ ರಾಯಣ್ಣನ ಜೊತೆಗಾರ ಗಜವೀರ ಸಿದ್ದಿಯೆಂದು ನಮ್ಮ ಭಾಗದ ಜನ ಅಭಿಮಾನದಿಂದ ಹೇಳುತ್ತಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ, ಬೆಳಗಾವಿ, ಧಾರವಾಡ ಜಿಲ್ಲೆಯವರಿಗೆ 2020ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಆದರೂ ಬಸ್ಸಿನಲ್ಲಿ ‘ಯಾವ ದೇಶದವರು?’ ಎಂಬ ಪ್ರಶ್ನೆ ನಿಂತಿಲ್ಲ.

ಆ ಕೇರಿಯಲ್ಲೇ ಡಿಗ್ರಿ ಮುಗಿಸಿದ ಹುಡುಗಿಯೊಬ್ಬಳಿದ್ದಳು. ‘ಖಿನ್ನತೆ ಅಂದ್ರ ನಮ್ಮವ್ವಗ ತಿಳಿಯಂಗಿಲ್ಲ ಅಕ್ಕಾ’ ಎನ್ನುತ್ತಾ ನಮ್ಮ ಫಾರ್ಮ್‌ನಲ್ಲಿ ಮುಕ್ಕಾಲು ಭಾಗಕ್ಕೆ ಕಾಟು ಹಾಕಿದಳು. ಹೆಂಗಸರನ್ನು ಕೂರಿಸಿಕೊಂಡು ಹೊಸದಾಗಿ ಬರೆದಳು: ರಾತ್ರಿ ನಿದ್ದಿ ಹತ್ತತೈತೇನು? ಪ್ಯಾಟಿಗೆ ಹೋಗಾಕ ಬ್ಯಾಸರ ಆಗತೈತೇನು? ಸಾಲಿ ಬಿಟ್ಟ ಮಕ್ಕಳು ಯಾಕ ಬಿಟ್ರು? ಮರುವಾರ ಅವಳೇ ಮನೆಮನೆಗೆ ಹೋಗಿ ಕೇಳಿದಳು. ನಾವು ಹಿಂದೆ ಕೂತು ಬರೆದುಕೊಂಡೆವು.

ಈಗ ಮಾತು ಬಂತು. ಒಬ್ಬ ಹುಡುಗ, ಕೂದಲು ಮುಟ್ಟಿ ನಗುವವರ ಕಾಟಕ್ಕೆ ಕಾಲೇಜು ಬಿಟ್ಟದ್ದನ್ನು ಮನೆಯಲ್ಲೂ ಹೇಳಿರಲಿಲ್ಲ. ಅವ್ವನ ಹತ್ತಿರ ‘ಫೀ ಕಟ್ಟಾಕ ಆಗಲಿಲ್ಲ’ ಎಂದಿದ್ದನಂತೆ. ಅದನ್ನು ಬರೆಯುವಾಗ ನನ್ನ ಪೆನ್ನು ನಿಂತಿತು. ಪಿಯುಸಿಯಲ್ಲಿ ನನ್ನ ಸಹಪಾಠಿಯೊಬ್ಬಳು ಸಿದ್ದಿ. ಅವಳಿಗೊಂದು ಅಡ್ಡಹೆಸರಿಟ್ಟಿದ್ದರು. ಇಟ್ಟವಳು ನಾನಲ್ಲ, ಆದರೆ ನಕ್ಕವರಲ್ಲಿ ನಾನೂ ಇದ್ದೆ. ಅವಳು ಪರೀಕ್ಷೆಗೆ ಬರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ.

ವರದಿಯನ್ನು ಕಾಲೇಜಿಗೆ ಕೊಡುವ ಮೊದಲು ಕೇರಿಯಲ್ಲಿ ಓದಿದೆವು. ‘ಇದರಿಂದ ಯಾರ ಮನಿ ಅಂತ ಗೊತ್ತಾಗತೈತಿ, ತಗೀರಿ’ ಎಂದು ಎರಡು ಸಾಲು ತೆಗೆಸಿದರು. ತೆಗೆದೆವು. ವಿದೇಶಗಳಲ್ಲಿ ನೆಲೆಸಿರುವ ಆಫ್ರಿಕನ್ ವಲಸಿಗರ ನಡುವೆಯೂ ಇಂಥ ಸಮುದಾಯದವರೇ ಮುನ್ನಡೆಸುವ ಆರೋಗ್ಯ ಸಂಶೋಧನೆಗಳು ನಡೆಯುತ್ತಿವೆ. ನೋವು ಯಾರದ್ದೋ ಪ್ರಶ್ನೆಯೂ ಅವರದ್ದೇ ಆಗಬೇಕು ಎಂಬುದನ್ನು ನಮಗೆ ಕಲಿಸಿದ್ದು ಮಾತ್ರ ಈ ಕೇರಿ.

ಮನಸ್ಸು ಭಾರವಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಕೆಲಸ ಹುಡುಕಿ ಸೋತ ಗೆಳೆಯರಿಗೂ ಇದು ಅನ್ವಯ. ಆದರೆ ಮಗ್ಗುಲಲ್ಲೇ ಕೂತವರ ನಗುವಿಗೆ ಸಹಾಯವಾಣಿಯಲ್ಲಿ ಮದ್ದಿಲ್ಲ. ಅದನ್ನು ನಾವೇ ನಿಲ್ಲಿಸಬೇಕು.

ಕಳೆದ ವಾರ ಆ ಸಹಪಾಠಿಯ ನಂಬರ್ ಹುಡುಕಿ ಫೋನ್ ಮಾಡಿದೆ. ‘ಆವಾಗ ಯಾಕ ಪರೀಕ್ಷಾಕ ಬರಲಿಲ್ಲ?’ ಎಂದು ಕೇಳಿದೆ. ಬಹಳ ಹೊತ್ತು ಅವಳು ಮಾತಾಡಲಿಲ್ಲ.

‘ಈಗರ ಕೇಳಿದೆಲ್ಲ’ ಎಂದಳು. ಆಮೇಲೆ ಹೇಳತೊಡಗಿದಳು.