ಮುನ್ನೂರು ವರ್ಷಗಳ ಭಾನುವಾರದ ಸಂತೆ

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಮುಗಿಲು ಮುಟ್ಟುವ ಕಟ್ಟಡಗಳು, ಮಿಂಚಿನ ವೇಗದ ರೈಲುಗಳು, ಯಂತ್ರಗಳ ಸದ್ದು. ಅಂಥ ದೇಶದಲ್ಲಿಯೂ ಹಳ್ಳಿಯ ಅಜ್ಜಿಯೊಬ್ಬಳು ತನ್ನ ಹಿತ್ತಲಲ್ಲಿ ಬೆಳೆದ ನಾಲ್ಕು ಮೂಲಂಗಿ, ಎರಡು ಕಟ್ಟು ಸೊಪ್ಪು ಹೊತ್ತು ತಂದು ಬೀದಿಯಲ್ಲಿ ಕುಳಿತು ಮಾರುವ ಸಂತೆಯಿದೆ ಎಂದರೆ ಓದುಗರಿಗೆ ಅಚ್ಚರಿಯಾದೀತು. ಆ ಸಂತೆಯನ್ನು ಕಣ್ಣಾರೆ ಕಾಣುವ ಭಾಗ್ಯ ಮಾರ್ಚ್ ತಿಂಗಳ ಒಂದು ಭಾನುವಾರ ನಮಗೆ ಒದಗಿತು.

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಅತ್ಯಂತ ಚಿಕ್ಕದು ಶಿಕೋಕು. ಅದರ ದಕ್ಷಿಣ ತೀರದಲ್ಲಿ, ಪೆಸಿಫಿಕ್ ಸಾಗರದ ಕಡೆಗೆ ಮುಖಮಾಡಿ ಕೋಚಿ ಪಟ್ಟಣವಿದೆ. ಈ ಪ್ರಾಂತ್ಯದ ಹಳೆಯ ಹೆಸರು ತೋಸಾ. ಒಕಯಾಮಾದಿಂದ ರೈಲು ಹತ್ತಿ, 1988ರಲ್ಲಿ ತೆರೆದ ಸಮುದ್ರದ ಮೇಲಿನ ಮಹಾಸೇತುವೆಯನ್ನು ದಾಟಿ, ಬೆಟ್ಟಗಳ ಸುರಂಗಗಳನ್ನು ಹಾದು, ಎರಡೂವರೆ ಗಂಟೆಯ ಪಯಣದ ಬಳಿಕ ನಾವು ಶನಿವಾರ ಸಂಜೆ ಕೋಚಿಯನ್ನು ತಲುಪಿದೆವು.

ಮರುದಿನ ಬೆಳಗಿನ ಜಾವವೇ ಎದ್ದು ಹೊರಟೆವು. ಊರ ನಡುವಿನ ಓತೆಸುಜಿ ಎಂಬ ಹೆದ್ದಾರಿಯ ಒಂದು ಪಕ್ಕದಲ್ಲಿ ವಾಹನಗಳ ಸಂಚಾರವನ್ನು ನಿಲ್ಲಿಸಿದ್ದರು. ಕೋಟೆಯ ಹೆಬ್ಬಾಗಿಲ ಕಡೆಗೆ ಸಾಗುವ ಆ ಬೀದಿಯಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಬಟ್ಟೆಯ ಚಪ್ಪರಗಳು ಎದ್ದು ನಿಂತಿದ್ದವು. ಅಂಗಡಿಗಳು ಸುಮಾರು 300. ಬೀದಿಯ ಕೊನೆಯಲ್ಲಿ, ಯಾಮಾನೊಉಚಿ ಕಾಜುತೊಯೊ ಎಂಬ ದೊರೆ 1601ರಲ್ಲಿ ಕಟ್ಟಿಸಲಾರಂಭಿಸಿದ ಕೋಟೆ. 1727ರ ಬೆಂಕಿಗೆ ಆಹುತಿಯಾಗಿ ಮತ್ತೆ ಕಟ್ಟಲ್ಪಟ್ಟ ಅದರ ಮರದ ಗೋಪುರ ಇಂದಿಗೂ ಸಂತೆಯನ್ನು ನೋಡುತ್ತ ನಿಂತಿದೆ.

ಈ ಸಂತೆಯ ಹುಟ್ಟು 1690ರಷ್ಟು ಹಿಂದಿನದು. ಆಗ ಅದು ತಿಂಗಳ ಗೊತ್ತಾದ ದಿನಗಳಂದು ಊರಿನ ಬೇರೆ ಬೇರೆ ಕೇರಿಗಳಲ್ಲಿ ನೆರೆಯುತ್ತಿತ್ತು. ಜಪಾನ್ 1873ರಲ್ಲಿ ಹೊಸ ಪಂಚಾಂಗವನ್ನು ಸ್ವೀಕರಿಸಿತು. 1876ರಿಂದ ಸಂತೆ ಭಾನುವಾರಕ್ಕೆ ಬಂದಿತು. 1945ರ ಜುಲೈ ತಿಂಗಳಲ್ಲಿ ವಿಮಾನ ದಾಳಿಗೆ ಸಿಕ್ಕಿ ಊರು ಸುಟ್ಟು ಬೂದಿಯಾಯಿತು. ಆದರೂ ಸಂತೆ ಸಾಯಲಿಲ್ಲ. 1948ರಲ್ಲಿ ಅದು ಈಗಿನ ಬೀದಿಗೆ ಬಂದು ನೆಲೆನಿಂತಿತು. ಹೊಸ ವರ್ಷದ ಮೊದಲ ದಿನಗಳು ಹಾಗೂ ಆಗಸ್ಟ್ ತಿಂಗಳ ಯೊಸಕೊಯಿ ಕುಣಿತದ ಉತ್ಸವದ ದಿನಗಳನ್ನು ಬಿಟ್ಟರೆ ಪ್ರತಿ ಭಾನುವಾರವೂ ಸಂತೆಯುಂಟು.

ಅಲ್ಲಿ ಏನುಂಟು, ಏನಿಲ್ಲ! ಮಣ್ಣು ಮೆತ್ತಿದ ಗೆಡ್ಡೆಗಳು, ಸೊಪ್ಪು, ಹೂವಿನ ಸಸಿಗಳು, ಉಪ್ಪಿನಕಾಯಿಯ ಭರಣಿಗಳು. ಜಪಾನಿನಲ್ಲಿ ಅತಿ ಹೆಚ್ಚು ಶುಂಠಿ ಬೆಳೆಯುವ ಪ್ರಾಂತ್ಯ ಇದೇ ಆದುದರಿಂದ ಅಂಗೈಯಗಲದ ಹಸಿಶುಂಠಿಯ ರಾಶಿಗಳು ಕಣ್ಣಿಗೆ ಬಿದ್ದವು. ಯುಜು ಎಂಬ ನಿಂಬೆಯ ಜಾತಿಯ ಹಣ್ಣಿನ ರಸವನ್ನು ಸೀಸೆಗಳಲ್ಲಿ ತುಂಬಿಟ್ಟಿದ್ದರು. ಇನ್ನೊಂದೆಡೆ ಕಮ್ಮಾರರು ಕುಡುಗೋಲು, ಕೊಡಲಿ, ಚೂರಿಗಳನ್ನು ಹರವಿಕೊಂಡಿದ್ದರು. ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಕಾಡೇ ಇರುವ ಈ ನಾಡಿನಲ್ಲಿ ಮರ ಕಡಿಯುವವರಿಗಾಗಿ ಬೆಳೆದ ಕಸುಬು ಅದು. ತೋಸಾದ ಈ ಹತಾರಗಳಿಗೆ 1998ರಲ್ಲಿ ಸರಕಾರ ಸಾಂಪ್ರದಾಯಿಕ ಕಸುಬೆಂಬ ಮನ್ನಣೆ ನೀಡಿದೆ.

ಬೆಲೆಯನ್ನು ರಟ್ಟಿನ ತುಂಡಿನ ಮೇಲೆ ಬರೆದಿಟ್ಟಿರುತ್ತಾರೆ. ಚೌಕಾಸಿಯ ಗದ್ದಲ ಕೇಳಿಬರಲಿಲ್ಲ. ಆದರೆ ಕೊಳ್ಳುವವರೊಡನೆ ನಾಲ್ಕು ಮಾತಾಡಿ, ಮನ ಬಂದರೆ ಒಂದು ಹಣ್ಣನ್ನು ಕೊಸರಾಗಿ ಚೀಲಕ್ಕೆ ಹಾಕುವ ಪದ್ಧತಿ ಅಲ್ಲಿಯೂ ಇದೆ. ಅದನ್ನು ಕಂಡು ನಮಗೆ ಊರ ಸಂತೆಯಲ್ಲಿಯೇ ನಿಂತಂತಾಯಿತು.

ಶಾಕಾಹಾರಿಗಳಾದ ನಮಗೆ ಊಟದ ಚಿಂತೆಯೇ ದೊಡ್ಡದಾಗಿತ್ತು. ಕೋಚಿಯು ಬೊನಿಟೋ ಮೀನಿಗೆ ಹೆಸರಾದ ಊರು. ಅಷ್ಟರಲ್ಲಿ ಒಂದು ಚಪ್ಪರದಲ್ಲಿ ಅಣಬೆ, ಬಿದಿರು ಕಳಲೆ, ಮ್ಯೋಗ ಮೊಗ್ಗುಗಳನ್ನು ಅನ್ನದ ಮೇಲೆ ಜೋಡಿಸಿದ ಪೊಟ್ಟಣಗಳನ್ನು ಕಂಡೆವು. ಹಳ್ಳಿಯ ಸುಶಿ ಎಂದು ಅದಕ್ಕೆ ಹೆಸರು. ಮೀನಿನ ತುಂಡು ಎಲ್ಲಿಯೂ ಕಾಣದ್ದರಿಂದ ಹಿಗ್ಗಿ ಹಣ ತೆಗೆದೆವು. ಆದರೂ ಸಂಶಯ ಬಿಡದೆ, ನಮ್ಮ ಜೊತೆಗಿದ್ದ ದುಭಾಷಿ ತರುಣಿಯ ಮೂಲಕ ಇದರಲ್ಲಿ ಮೀನು ಸೇರಿದೆಯೇ ಎಂದು ಅಂಗಡಿಯ ಅಜ್ಜಿಯನ್ನು ಕೇಳಿಸಿದೆವು.

ಅಜ್ಜಿ ಒಂದು ಕ್ಷಣ ನಮ್ಮ ಮುಖ ನೋಡಿದರು. ಬಳಿಕ ತಲೆಯಾಡಿಸಿ, ಅಣಬೆಯನ್ನು ಬೇಯಿಸಿದ ನೀರು ಮೀನಿನ ಸಾರು ಎಂದು ತಿಳಿಸಿ, ನಮ್ಮ ಕೈಯಲ್ಲಿದ್ದ ಪೊಟ್ಟಣವನ್ನು ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡರು. ಹಣವನ್ನೂ ಮರಳಿಸಿದರು. ಅಷ್ಟಕ್ಕೇ ಸುಮ್ಮನಾಗದೆ ಎದ್ದು ಬಂದು, ಎರಡು ಚಪ್ಪರಗಳಾಚೆ ಚಕ್ಕೋತವನ್ನು ಹೋಲುವ ಬುಂತಾನ್ ಹಣ್ಣು ಮಾರುತ್ತಿದ್ದವರ ಬಳಿಗೆ ನಮ್ಮನ್ನು ಕರೆದೊಯ್ದರು. ಇದನ್ನು ಹೆದರದೆ ತಿನ್ನಿ ಎಂದು ಸನ್ನೆ ಮಾಡಿ ನಕ್ಕರು. ನಾವು ಕೈಮುಗಿದೆವು, ಅವರು ಬಾಗಿ ವಂದಿಸಿದರು.

ಅವರು ಸುಮ್ಮನೆ ತಲೆಯಲ್ಲಾಡಿಸಿದ್ದರೆ ವ್ಯಾಪಾರವಾಗುತ್ತಿತ್ತು. ನಮಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಮತ್ತೆ ನಾವು ಆ ಬೀದಿಗೆ ಬರುವವರೂ ಅಲ್ಲ. ಅಪರಿಚಿತನ ನೇಮವನ್ನು ತನ್ನ ಲಾಭಕ್ಕಿಂತ ಹಿರಿದೆಂದು ಬಗೆಯುವ ಈ ನಡತೆಯನ್ನೇ ನಮ್ಮ ಹಿರಿಯರು ಕಾಯಕವೆಂದು ಕರೆದರಲ್ಲವೇ ಎಂದು ನಾವು ಮಾತನಾಡಿಕೊಂಡೆವು.

ಒಂದು ಸಂಗತಿ ಮಾತ್ರ ಮನಸ್ಸಿಗೆ ಭಾರವಾಯಿತು. ಚಪ್ಪರಗಳ ಕೆಳಗೆ ಕುಳಿತವರಲ್ಲಿ ಬಹುಮಂದಿ ಇಳಿವಯಸ್ಸಿನವರು. ಹಿಂದೆ ಅಂಗಡಿಗಳು ಇದಕ್ಕಿಂತ ಹೆಚ್ಚಿದ್ದವು. ಮುಂದುವರಿಸುವ ಮಕ್ಕಳಿಲ್ಲದೆ ಒಂದೊಂದಾಗಿ ಕಡಿಮೆಯಾಗುತ್ತಿವೆ. ಬೆಂಕಿ, ಯುದ್ಧಗಳನ್ನು ಗೆದ್ದ ಸಂತೆಗೆ ಈಗ ಬೇಕಾಗಿರುವುದು ನಸುಕಿನಲ್ಲಿ ಎದ್ದು ಬುಟ್ಟಿ ಹೊರುವ ಎಳೆಯ ಹೆಗಲುಗಳು.

ಮಧ್ಯಾಹ್ನ ಮೂರರ ಹೊತ್ತಿಗೆ ಚಪ್ಪರಗಳು ಕಳಚಿದವು. ಪ್ರತಿಯೊಬ್ಬರೂ ತಾವು ಕುಳಿತ ಜಾಗವನ್ನು ಗುಡಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಬೀದಿಯಲ್ಲಿ ವಾಹನಗಳು ಓಡಾಡತೊಡಗಿದವು. ಅಲ್ಲಿ ಸಂತೆ ನೆರೆದಿತ್ತೆಂಬುದಕ್ಕೆ ನಮ್ಮ ಕೈಚೀಲದಲ್ಲಿದ್ದ ಬುಂತಾನ್ ಹಣ್ಣುಗಳ ಪರಿಮಳವೊಂದೇ ಸಾಕ್ಷಿಯಾಗಿ ಉಳಿಯಿತು.